ಆ ಮೇಲಿನ ಸ್ವರ ಊದಿದವಳು

ವಾದ್ಯವೃಂದದ ನಿರ್ದೇಶಕರಿಗೆ,

ನಮಸ್ಕಾರ. ಶುಕ್ರವಾರದ ಕಾರ್ಯಕ್ರಮದಲ್ಲಿ ತನ್ನ ಭಾಗ ನುಡಿಸಲಿಲ್ಲವೆಂದು ನನ್ನ ಪಕ್ಕದಲ್ಲಿ ಕೂರುವ ಎರಡನೇ ಟ್ರಂಪೆಟ್ ವಾದಕಿಯನ್ನು ನೀವು ಕೆಲಸದಿಂದ ತೆಗೆದಿದ್ದೀರಿ. ಕಾರಣ ಕೇಳಿದರೂ ಅವಳು ಬಾಯಿ ಬಿಡಲಿಲ್ಲವಂತೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಅವಳು ತನ್ನ ಭಾಗ ಬಿಟ್ಟದ್ದು ನನ್ನದನ್ನು, ಅಂದರೆ ಮೊದಲ ಟ್ರಂಪೆಟ್ಟಿನ ಭಾಗವನ್ನು, ನುಡಿಸುವುದಕ್ಕೆ. ಮೂರು ತಿಂಗಳಿಂದ ನನ್ನ ಮೇಲ್ತುಟಿಗೆ ಸ್ಪರ್ಶಜ್ಞಾನವೇ ಇಲ್ಲ; ಊದಿದರೆ ಗಾಳಿ ಪಕ್ಕದಿಂದ ಸೋರುತ್ತದೆ. ವೈದ್ಯರು, "ನರ ಸತ್ತಿದೆ, ಊದೋ ಆಸೆ ಬಿಟ್ಬಿಡಿ" ಎಂದರು. ಇಪ್ಪತ್ತೊಂಬತ್ತು ವರ್ಷ ಕೂತ ಕುರ್ಚಿಯಿಂದ ಏಳಲು ನನಗೆ ಧೈರ್ಯ ಬರಲಿಲ್ಲ.

ಅವಳಿಗೆ ಮಾತ್ರ ಗೊತ್ತಾಯಿತು. ತಾಲೀಮು ಮುಗಿದ ಮೇಲೆ ಮೆಟ್ಟಿಲ ಬಳಿ ಬಂದು, "ನೀವು ಸುಮ್ನೆ ತುಟಿಗಿಟ್ಕೊಂಡು ಕೂತಿರಿ ಸರ್. ಮೇಲಿನ ಸ್ವರ ಬಂದಾಗ ನಾನು ನೋಡ್ಕೋತೀನಿ" ಎಂದಳು. ಪತ್ರಿಕೆಯವರು ಹೊಗಳಿದ ಆ ದೀರ್ಘ ಸ್ವರ ಅವಳದು. ಎದ್ದು ನಿಂತು ಚಪ್ಪಾಳೆ ಗಿಟ್ಟಿಸಿಕೊಂಡವನು ನಾನು.

ಅವಳನ್ನು ಸೇರಿಸಿಕೊಳ್ಳುವಾಗ, "ಜಾಜ್ ಕ್ಲಬ್ಬಲ್ಲಿ ಊದೋರಿಗೆ ಇಲ್ಲೇನು ಕೆಲಸ?" ಎಂದು ನಿಮ್ಮೆದುರೇ ಮೂಗು ಮುರಿದಿದ್ದೆ. ಅದು ಅವಳ ಕಿವಿಗೂ ಬಿದ್ದಿತ್ತು. "ಆದ್ರೂ ಯಾಕಮ್ಮ ಇಷ್ಟೆಲ್ಲ?" ಎಂದು ಆ ದಿನ ಮೆಟ್ಟಿಲ ಬಳಿಯೇ ಅವಳನ್ನು ಕೇಳಿದೆ.

"ನಮ್ಮಪ್ಪನೂ ಕ್ಲಬ್ಬಲ್ಲಿ ಊದ್ತಿದ್ರು. ತುಟಿ ಹೋದಾಗ ಜನ ನಗ್ತಿದ್ದ ಹಾಗೇ ವೇದಿಕೆಯಿಂದ ಕೆಳಗಿಳಿಸಿದ್ರು. ಆಮೇಲೆ ಹೆಚ್ಚು ದಿನ ಬದುಕ್ಲಿಲ್ಲ."

ದಯವಿಟ್ಟು ಅವಳನ್ನು ವಾಪಸ್ ಕರೆಯಿರಿ. ನನ್ನ ಕುರ್ಚಿ ಕೊಡಿ. ನನಗೆ ಬೀಳ್ಕೊಡುಗೆ ಬೇಡ. ತಾಲೀಮು ಕೋಣೆಯ ನನ್ನ ಬೀರುವಿನ ಬೀಗದ ಕೈ ಈ ಲಕೋಟೆಯಲ್ಲಿದೆ. ನನ್ನ ಟ್ರಂಪೆಟ್ ಆ ಬೀರುವಿನಲ್ಲೇ ಇದೆ, ಯಾರಿಗಾದರೂ ಕೊಟ್ಟುಬಿಡಿ. ಮನೆಯಲ್ಲಿ ಅದನ್ನು ನೋಡಿಕೊಂಡು ಕೂರುವುದು ನನ್ನಿಂದಾಗದು.

ಇಂತಿ,
ನಿನ್ನೆಯವರೆಗಿನ ನಿಮ್ಮ ಮೊದಲ ಟ್ರಂಪೆಟ್ ವಾದಕ