ಮದ್ದು ಉಂಟು

ಕಾಣಿಯೂರು
೨೪-೮-೨೦೨೫, ಭಾನುವಾರ

ನನ್ನ ರಮ್ಯಾ,

ಬೆಳಿಗ್ಗೆ ಫೋನಿನಲ್ಲಿ ನಿನಗೆ ಸಿಕ್ಕಿದ್ದು ಬೈಗುಳ ಮಾತ್ರ. ಹಾಸ್ಟೆಲಿನವರು ಕೊಡುವುದೇ ಹತ್ತು ನಿಮಿಷ, ನಿನ್ನ ಹಿಂದೆ ಉಳಿದ ಹುಡುಗಿಯರ ಸಾಲು, ನನ್ನ ಪಕ್ಕದಲ್ಲಿ ಕಿವಿ ಕೊಟ್ಟು ನಿಂತ ನಿನ್ನ ಅಪ್ಪ. ಅಷ್ಟರೊಳಗೆ ಬೈಯುವುದಕ್ಕಷ್ಟೇ ಪುರುಸೊತ್ತು. ಉಳಿದದ್ದನ್ನು ಬರೆಯಲು ಕೂತಿದ್ದೇನೆ. ಅಕ್ಷರ ನೋಡಿ ನಗಬೇಡ, ಸಾಮಾನಿನ ಚೀಟಿ ಬಿಟ್ಟು ಬೇರೇನಾದರೂ ಬರೆಯದೆ ಎಷ್ಟೋ ವರ್ಷವಾಯಿತು.

ಹಿರೋಷಿಮಾ ದಿನದ ಚರ್ಚಾಸ್ಪರ್ಧೆಯಲ್ಲಿ ನೀನು ಗೆದ್ದದ್ದು ಊರಿಗೇ ಗೊತ್ತು. ಟ್ರೋಫಿ ಹಿಡಿದ ನಿನ್ನ ಫೋಟೋವನ್ನು ಅಪ್ಪ ಸವಣೂರು ಪೇಟೆಯಲ್ಲಿ ಕಂಡಕಂಡವರಿಗೆ ತೋರಿಸಿ ಆಗಿದೆ. ಆದರೆ ನೀನು ಆ ಟ್ರೋಫಿಯನ್ನು ಕೊಂಡುಹೋಗಿ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು, ಇದು ಸುಳ್ಯದ ಮುನೀರಾಳಿಗೆ ಸೇರಬೇಕು, ರಾಜ್ಯಮಟ್ಟಕ್ಕೆ ಅವಳೇ ಹೋಗಲಿ ಎಂದದ್ದು ನಿನ್ನೆ ನಿಮ್ಮ ಕುಮುದಿನಿ ಮೇಡಂ ಫೋನು ಮಾಡಿದಾಗಲೇ ನಮಗೆ ತಿಳಿದದ್ದು.

ಮೇಡಂ ಎಲ್ಲ ಬಿಡಿಸಿ ಹೇಳಿದರು. ಯುದ್ಧ ನಿಲ್ಲಿಸಲು ಅಣುಬಾಂಬ್ ಹಾಕಿದ್ದು ಸರಿ ಎಂದು ವಾದಿಸುವ ಪಾಳಿ ಚೀಟಿ ಎತ್ತಿದಾಗ ನಿನಗೆ ಬಂತಂತೆ. ಯುದ್ಧ ಮುಂದುವರಿದಿದ್ದರೆ ಇನ್ನೆಷ್ಟು ಲಕ್ಷ ಜನ ಸಾಯುತ್ತಿದ್ದರು ಎಂದು ನೀನು ಲೆಕ್ಕ ಹೇಳಿದೆಯಂತೆ. ಆ ಊರಿನ ಶಾಲೆಮಕ್ಕಳು ಎಂತ ತಪ್ಪು ಮಾಡಿದ್ದರು ಎಂದು ನಿನ್ನ ಎದುರು ವಾದಿಸುತ್ತಿದ್ದ ಮುನೀರಾ ಕೇಳಿದಳಂತೆ. ಆಗ ನೀನು ಎದ್ದು, ವಿಮಾನದಿಂದ ಕರಪತ್ರ ಉದುರಿಸಿ ಮೊದಲೇ ಎಚ್ಚರಿಕೆ ಕೊಟ್ಟಿದ್ದರು, ಹೇಳಿದ ಮೇಲೂ ಊರು ಬಿಡದಿದ್ದರೆ ಹಾಕಿದವರನ್ನು ದೂರಬೇಡಿ ಎಂದೆಯಂತೆ. ಆ ಮಾತಿಗೇ ಬಹುಮಾನ ಬಂತು.

ಮುಂದಿನ ಸುತ್ತಿಗೆ ತಯಾರಾಗಲು ಲೈಬ್ರರಿಗೆ ಹೋದವಳಿಗೆ ಬೇರೆಯೇ ಸಂಗತಿ ಸಿಕ್ಕಿತು. ಕರಪತ್ರ ಬಿದ್ದದ್ದು ಹೌದು, ಬೇರೆ ಬೇರೆ ಊರುಗಳ ಹೆಸರಿನಲ್ಲಿ, ಮಾಮೂಲಿ ಬಾಂಬಿನ ಬಗ್ಗೆ. ಅಣುಬಾಂಬ್ ಎಂದು ಹೆಸರು ಹೇಳಿದ ಕಾಗದ ಬಿದ್ದದ್ದು ಹಿರೋಷಿಮಾ ಸುಟ್ಟ ಮೇಲೆ. ಆ ಬಾಂಬ್ ತಯಾರಿಸಿದ ವಿಜ್ಞಾನಿಗಳಲ್ಲೇ ಕೆಲವರು, ಷರತ್ತು ತಿಳಿಸಿ ಶರಣಾಗಲು ಅವಕಾಶ ಕೊಡದೆ ಹಾಕಬೇಡಿ ಎಂದು ಸಹಿ ಮಾಡಿ ಬೇಡಿಕೊಂಡಿದ್ದರಂತೆ. ಹೆಸರು ಹೇಳದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ, ನಾನು ಸುಳ್ಳು ಹೇಳಿ ಗೆದ್ದಿದ್ದೇನೆ ಎಂದು ನೀನು ಅಂದೆಯಂತೆ.

ಅಪ್ಪನದು ಒಂದೇ ಮಾತು, "ಚರ್ಚೆ ಅಂದ್ರೆ ಆಟ ಅಲ್ವಾ? ಗೆದ್ದು ಆಯ್ತು. ಇವಳಿಗೆ ಮಂಡೆ ಸಮ ಇಲ್ವಾ?" ನಾನೂ ಅದಕ್ಕೆ ತಾಳ ಹಾಕಿದೆ. ಯಾಕೆ ಹಾಕಿದೆ ಅಂತ ಹೇಳಲಿಕ್ಕೇ ಈ ಕಾಗದ.

ನಮ್ಮ ಆಚೆಮನೆ ಸೇವಂತಿಯ ದನದ ಕಥೆ ನಿನಗೆ ಗೊತ್ತುಂಟು. ಆಗ ನೀನು ಐದನೇ ಕ್ಲಾಸು. ಕಾಡುಹಂದಿಗಳು ಬಂದು ಎರಡು ದಿನದಲ್ಲಿ ನಮ್ಮ ಇನ್ನೂರು ಅಡಿಕೆ ಸಸಿ ಕಿತ್ತು ಹಾಕಿದ್ದವು. ಅಪ್ಪ ಊರಲ್ಲಿರಲಿಲ್ಲ. ನಾನು ರೋಸಿ ಹೋಗಿ, ಹಂದಿ ಕಚ್ಚಿದರೆ ಸಿಡಿಯುವ ತೋಟೆಯನ್ನು ಒಬ್ಬರಿಂದ ತರಿಸಿ ನೀರು ಹರಿಯುವ ತೋಡಿನ ಬದಿಯಲ್ಲಿ ಇಡಿಸಿದೆ. ಸೇವಂತಿಗೆ ಬೇಲಿಯ ಈಚೆಯಿಂದ ಹೇಳಿದೆ, "ಮದ್ದು ಉಂಟು ಮಾರಾಯ್ತಿ, ದನ ಜಾಗ್ರತೆ."

ನಮ್ಮಲ್ಲಿ ಜ್ವರಕ್ಕೆ ಕುಡಿಯುವುದೂ ಮದ್ದು, ಬೇಟೆಯ ಬೆಡಿಗೆ, ತೋಟೆಗೆ ತುಂಬುವುದೂ ಮದ್ದು, ಕೊಳೆರೋಗ ಬಾರದಂತೆ ಅಡಿಕೆಗೆ ಬಿಡುವುದೂ ಮದ್ದು. ಅದು ಮಳೆ ಬಿಟ್ಟ ವಾರ, ಎಲ್ಲರ ತೋಟದಲ್ಲೂ ಅಡಿಕೆಗೆ ಮದ್ದು ಬಿಡುತ್ತಿದ್ದರು. ಸೇವಂತಿ ಅದನ್ನೇ ಅಂದುಕೊಂಡಳು. ಮರದ ಬುಡದ ಹುಲ್ಲು ತಿಂದರೆ ವಿಷವಾದೀತೆಂದು ದನವನ್ನು ಹಗ್ಗ ಹಿಡಿದು ತೋಡಿನ ಬದಿಗೇ ಕೊಂಡುಹೋದಳು. ನಾನು ಜಾಗ್ರತೆ ಹೇಳಿದ್ದಕ್ಕೇ ಅವಳು ಅಲ್ಲಿಗೆ ಹೋದದ್ದು. ತೋಟೆ ಕಚ್ಚಿ ದನದ ದವಡೆ ಹೋಯಿತು, ಎರಡು ದಿನ ನರಳಿ ಸತ್ತಿತು. ಹಗ್ಗ ಹಿಡಿದಿದ್ದ ಸೇವಂತಿಯ ಎಡಗಿವಿ ಅವತ್ತಿನಿಂದ ಕೇಳಿಸುವುದಿಲ್ಲ.

ಆ ಹೆಂಗಸು ನನ್ನ ಮೇಲೆ ಒಂದು ಮಾತು ಆಡಲಿಲ್ಲ. ಯಾರು ಕೇಳಿದರೂ, "ಅಕ್ಕ ಹೇಳಿದ್ರು, ನನ್ನ ಮಂಡೆಗೆ ಹೋಗ್ಲಿಲ್ಲ. ತಪ್ಪು ನಂದೇ" ಅನ್ನುತ್ತಾಳೆ. ನಾನೂ ಆರು ವರ್ಷದಿಂದ ಹೇಳಿದ್ದೆನಲ್ಲ, ಹೇಳಿದ್ದೆನಲ್ಲ ಎಂದುಕೊಂಡು ಉಂಡು ಮಲಗುತ್ತಿದ್ದೇನೆ.

ಈಗ ಕೇಳು. ಬೇಲಿಯ ಹತ್ತಿರ ನಿಂತಾಗ ತೋಟೆ ಎಂಬ ಪದ ನನ್ನ ನಾಲಗೆಯ ತುದಿಯಲ್ಲಿತ್ತು. ತೋಟೆ ಇಡುವುದು ಅಪರಾಧ. ಸೇವಂತಿಯ ಬಾಯಿಂದ ಅದು ನಾಲ್ಕು ಜನಕ್ಕೆ ಹೋಗಿ ಫಾರೆಸ್ಟಿನವರ ಕಿವಿಗೆ ಬಿದ್ದರೆ ಎಂದು ಹೆದರಿ ಮದ್ದು ಎಂದೆ. ಅವಳು ಬೇರೆ ಅರ್ಥ ಮಾಡಿಕೊಂಡಾಳು ಎಂಬುದೂ ನನಗೆ ಆ ಗಳಿಗೆಯಲ್ಲೇ ಹೊಳೆದಿತ್ತು, ಮಗಳೇ. ಹೊಳೆದೂ ಸುಮ್ಮನೆ ಬಂದೆ. ಇದು ನಿನ್ನ ಅಪ್ಪನಿಗೂ ಗೊತ್ತಿಲ್ಲ.

ಅಷ್ಟು ದೊಡ್ಡ ಯುದ್ಧದ ಸರಿತಪ್ಪು ತೂಗುವಷ್ಟು ನಾನು ಓದಿದವಳಲ್ಲ. ಹಾಕದಿದ್ದರೆ ಇನ್ನೂ ಹೆಚ್ಚು ಸಾಯುತ್ತಿದ್ದರೋ ಏನೋ, ಅದನ್ನು ನೀನೂ ಮುನೀರಾಳೂ ವಾದಿಸಿಕೊಳ್ಳಿ. ಹೇಳಿದ್ದೆವು ಎಂಬ ಮಾತಿನ ಹಿಂದೆ ಅಡಗುವುದು ಹೇಗೆಂದು ಮಾತ್ರ ನನಗೆ ಚೆನ್ನಾಗಿ ಗೊತ್ತು. ನೀನು ಹದಿನಾರು ವರ್ಷಕ್ಕೆ ಅಲ್ಲಿಂದ ಎದ್ದು ಈಚೆ ಬಂದೆ, ಅದೂ ಯಾರೂ ಕೇಳದೆ, ಗೆದ್ದ ಮೇಲೆ. ನಾನು ನಿನ್ನ ಅಮ್ಮ ಅಂತ ಹೇಳಿಕೊಳ್ಳಲು ಇವತ್ತು ಎಷ್ಟು ಹೆಮ್ಮೆಯೋ ಅಷ್ಟೇ ನಾಚಿಕೆ. ಬೈದದ್ದು ಆ ನಾಚಿಕೆಗೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಾಳೆ ಬೆಳಿಗ್ಗೆ ಸೇವಂತಿಯ ಮನೆಗೆ ಹೋಗಿ ಹೇಳುತ್ತೇನೆ. ಆರು ವರ್ಷ ಅವಳು ಹೊತ್ತದ್ದು ನನ್ನ ತಪ್ಪನ್ನು. ಇಳಿಸಬೇಕಾದವಳು ನಾನೇ. ಆಮೇಲೆ ಅವಳು ಮಾತು ಬಿಟ್ಟರೆ ಬಿಡಲಿ.

ಮಳೆಯಲ್ಲಿ ತಲೆ ಒದ್ದೆ ಮಾಡಿಕೊಂಡು ತಿರುಗಬೇಡ. ಮುನೀರಾಳನ್ನು ಒಂದು ದಿನ ಮನೆಗೆ ಕರೆದುಕೊಂಡು ಬಾ.

ನಿನ್ನಿಂದ ಕಲಿಯುತ್ತಿರುವ,
ಅಮ್ಮ ವಸುಮತಿ

ತಾ.ಕ. ಸೋಮವಾರ, ಹನ್ನೊಂದು ಗಂಟೆ. ಕಾಗದ ಅಂಟಿಸುವ ಮೊದಲು ಹೋಗಿ ಬಂದೆ. ಜಗಲಿಯಲ್ಲಿ ಅವಳ ಪಕ್ಕ ಕೂತು, ಕಣ್ಣು ಮುಚ್ಚಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಎಂತದೋ ಹೇಳಿದ ಹಾಗಾಯ್ತು. ಆ ಬದಿ ಕೇಳುದಿಲ್ಲ ಅಕ್ಕ, ಈಚೆ ಬಂದು ಹೇಳಿ" ಎಂದಳು. ನಾನು ಕೂತದ್ದು ಅವಳ ಎಡಕ್ಕೆ. ದೇವರಾಣೆ ಬೇಕೆಂದು ಕೂತದ್ದಲ್ಲ ಎಂದು ಬರೆಯಲು ಹೊರಟಿದ್ದೆ, ಬರೆಯುವುದಿಲ್ಲ. ಎದ್ದು ಬಲಕ್ಕೆ ಹೋಗಿ ಕೂತೆ. ತೋಟೆ ಎಂಬ ಪದದಿಂದಲೇ ಶುರು ಮಾಡಿದೆ. ಕೇಳಿ ಮುಗಿದ ಮೇಲೆ ಅವಳು ಮೊರ ಕೆಳಗಿಟ್ಟು, "ಈಗ ಕೇಳಿತು" ಎಂದಳು. ಚಹಾ ಕುಡಿದು ಹೋಗಿ ಎಂದು ಹೇಳಲಿಲ್ಲ. ಟ್ರೋಫಿ ಮೇಜಿನ ಮೇಲಿಟ್ಟು ತಿರುಗಿ ಬರುವಾಗ ನಿನಗೂ ದಾರಿ ಇಷ್ಟು ಉದ್ದ ಕಂಡಿತ್ತಾ, ಪುಟ್ಟಿ?