ಡಾಕ್ಟರಮ್ಮ ಹೇಳಿದ ಫ್ಲೂಕ್

ಜೂನ್ 3, ಮಂಗಳವಾರ

ಹದಿನೆಂಟು ಯೂನಿಫಾರಂ ಶರ್ಟಿಗೆ ಕಾಜಾ ಮುಗಿಸಿದೆ. ಹತ್ತೊಂಬತ್ತನೆಯದು ಕೈಗೆತ್ತಿಕೊಂಡಾಗ ಫೋನ್. ತಮ್ಮ ಏಣಿಯಿಂದ ಬಿದ್ದನಂತೆ. ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದ. ಬೆಳಿಗ್ಗೆ ಮೈ ಭಾರ, ರಜೆ ಹಾಕುತ್ತೇನೆ ಅಂದಿದ್ದ. ನಾನೇ ಬೈದು ಎಬ್ಬಿಸಿ ಕಳಿಸಿದ್ದು...

ಎರಡು ಪಕ್ಕೆಲುಬು ಬಿರುಕು. ಹೊಟ್ಟೆಯನ್ನೂ ಸ್ಕ್ಯಾನ್ ಮಾಡಿದರು. ಏನೋ ಕಾಣುತ್ತಿದೆ, ಶುಕ್ರವಾರ ಇನ್ನೊಂದು ಸ್ಕ್ಯಾನ್ ಅಂತೆ.

ಜೂನ್ 6, ಶುಕ್ರವಾರ, ಸಂಜೆ 5

ದೊಡ್ಡ ಸ್ಕ್ಯಾನ್ ಆಯಿತು. ಸೋಮವಾರ ಬನ್ನಿ, ರಿಪೋರ್ಟ್ ನೋಡಿ ಮಾತಾಡೋಣ ಎಂದರು ಡಾಕ್ಟರಮ್ಮ. ನಾವು ಬಾಗಿಲು ದಾಟುವಾಗ ಪಕ್ಕದ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಒಂದೇ ಪದ — ಫ್ಲೂಕ್. ಎರಡು ಸಲ.

6.45

ಹಳೆಯ ಡಿಕ್ಷನರಿ ತೆಗೆದೆ. ಫ್ಲೂಕ್: ಕುರಿಯ ಪಿತ್ತಜನಕಾಂಗದಲ್ಲಿ ಬೆಳೆಯುವ ಚಪ್ಪಟೆ ಹುಳು.

ಅಷ್ಟಕ್ಕೇ ಪುಸ್ತಕ ಮುಚ್ಚಿಬಿಟ್ಟೆ.

ಜೂನ್ 7

ಅವನಿಗೆ ಹೇಳಿಲ್ಲ. ಕುಡಿಯುವ ನೀರೆಲ್ಲ ಕುದಿಸಿದೆ. ಹಾಸಿಗೆ, ದಿಂಬಿನ ಚೀಲ, ಟವೆಲ್ — ಎಲ್ಲ ಬಿಸಿನೀರಿಗೆ. ಮೆಡಿಕಲ್ ಶಾಪಿನಲ್ಲಿ ಹುಳುವಿನ ಮಾತ್ರೆ ಕೇಳಿದೆ. ಮಗುವಿಗೆ ಎಷ್ಟು ವಯಸ್ಸು ಎಂದ. ನಲವತ್ತೊಂದು ಎಂದೆ. ಚೀಟಿ ತನ್ನಿ ಎಂದು ಡಬ್ಬಿ ಒಳಗಿಟ್ಟ.

ತಮ್ಮ ಎಲ್ಲ ನೋಡುತ್ತಲೇ ಇದ್ದ. ಏನೋ ಮುಚ್ಚಿಡುತ್ತಿದ್ದೀಯ ಎಂದ. ಇಲ್ಲ ಎಂದೆ. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ. ಅವನಿಗೂ ಗೊತ್ತು.

ಜೂನ್ 9, ಸೋಮವಾರ

ಹುಳುವಲ್ಲ. ಮೂತ್ರಪಿಂಡದ ಮೇಲೆ ಗಂಟು. ಕ್ಯಾನ್ಸರ್ ಇರಬಹುದು.

ಡಾಕ್ಟರಮ್ಮ ನನ್ನನ್ನು ಕೂರಿಸಿ ನೀರು ಕೊಟ್ಟರು. ಕಡಲೆಬೀಜದಷ್ಟಿದೆ, ಎಲ್ಲೂ ಹರಡಿಲ್ಲ, ಅಷ್ಟು ಭಾಗ ತೆಗೆದರೆ ಸಾಕು ಎಂದರು. ಹಾಗಾದರೆ ಹುಳು, ಎಂದು ಕೇಳಿಬಿಟ್ಟೆ. ಯಾವ ಹುಳು ಎಂದರು. ಡಿಕ್ಷನರಿಯ ಕಥೆಯೆಲ್ಲ ಹೇಳಬೇಕಾಯಿತು.

ಅವರು ನಗಲಿಲ್ಲ. "ಆ ಪದಕ್ಕೆ ಇನ್ನೊಂದು ಅರ್ಥ ಇದೆ. ಎಣಿಸದೇ ಒದಗಿಬಂದ ಅದೃಷ್ಟ. ಇವರು ಬೀಳದೇ ಇದ್ದಿದ್ರೆ ನಾವು ಸ್ಕ್ಯಾನೇ ಮಾಡ್ತಿರಲಿಲ್ಲ. ಇದು ನೋವೂ ಕೊಡಲ್ಲ. ಗೊತ್ತಾಗೋ ಹೊತ್ತಿಗೆ ತಡ ಆಗಿರೋದು."

ಹೊರಗೆ ಬೆಂಚಿನ ಮೇಲೆ ಕೂತಾಗ ತಮ್ಮ ಪಕ್ಕೆ ಹಿಡಿದುಕೊಂಡು ನಕ್ಕ. "ಮೂರು ದಿನ ನನ್ ಹೊಟ್ಟೇಲಿ ಕುರಿ ಹುಳ ಸಾಕಿದ್ಯಲ್ಲ ಅಕ್ಕ." ನನಗೆ ಅಳು ಬಂತು. ಆಮೇಲೆ ಮೆಲ್ಲಗೆ ಹೇಳಿದ. "ಆವತ್ತು ಕೆಲ್ಸಕ್ಕೆ ಕಳಿಸಿದ್ದಕ್ಕೆ ಇನ್ನು ಕೊರಗಬೇಡ."

ನಾನು ಬಾಯಿಬಿಟ್ಟಿರಲಿಲ್ಲ. ಹೇಗೆ ತಿಳಿಯಿತೋ.

ಜೂನ್ 10

ಚೆನ್ನಾಗಿ ನಿದ್ದೆ ಬಂತು. ಅದೃಷ್ಟ ಎಂದರೆ ಕಣ್ಣಿಗೆ ಕಾಣದ್ದು ಎನ್ನುತ್ತಿದ್ದರು ಕನ್ನಡ ಮೇಷ್ಟ್ರು. ಇದು ಕಂಡಿತಲ್ಲ.

ಜೂನ್ 14

ಈಗ ಅವನ ಬಾಯಲ್ಲಿ ಅದೇ ಪದ. ಬಸ್ಸಿನಲ್ಲಿ ಸೀಟು ಸಿಕ್ಕಿತು — ಫ್ಲೂಕ್. ಕರೆಂಟು ಹೋಗಲಿಲ್ಲ — ಫ್ಲೂಕ್. ಚಹಾಕ್ಕೆ ಸಕ್ಕರೆ ಸರಿಯಾಗಿದೆ, ಫ್ಲೂಕ್ ಎಂದಾಗ ಮಾತ್ರ ಲೋಟ ಕಿತ್ತುಕೊಂಡೆ. ಮೂವತ್ತು ವರ್ಷ ಚಹಾ ಮಾಡಿದ ಕೈ ಇದು. ಹಾಗೆಲ್ಲ ಹೇಳಿಸಿಕೊಳ್ಳುವುದಿಲ್ಲ.

ಜೂನ್ 18

ಆಪರೇಷನ್ ಆಯಿತು. ನಾಲ್ಕು ಗಂಟೆ ಹಿಡಿಯಿತು. ಕಣ್ಣು ಬಿಟ್ಟ. ಸಾಕು.

ಜೂನ್ 27

ರಿಪೋರ್ಟ್ ಬಂತು. ಕ್ಯಾನ್ಸರೇ. ಆದರೆ ಪೂರ್ತಿ ಹೊರಬಂದಿದೆ, ಅಂಚಿನಲ್ಲೂ ಉಳಿದಿಲ್ಲ. ಬೇರೆ ಔಷಧಿ ಬೇಡ. ಆಗಾಗ ಬಂದು ತೋರಿಸುತ್ತಿದ್ದರೆ ಆಯಿತು. ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಬೆರಳಿಟ್ಟು ಅರ್ಥ ಕೇಳಿದೆ. ಡಾಕ್ಟರಮ್ಮ ಬೇಸರಿಸದೆ ಹೇಳಿದರು.

ಜುಲೈ 1, ಬೆಳಿಗ್ಗೆ 9

ಇನ್ನೂ ಎದ್ದಿಲ್ಲ ಮಹಾರಾಯ. ಗೋಡೆ ಅದುರುವಂತೆ ಗೊರಕೆ. ಹಿಂದೆಲ್ಲ ಕದ ಬಡಿದು ಬೈಯುತ್ತಿದ್ದೆ. ಇವತ್ತು ಕೇಳುತ್ತಾ ಕೂತಿದ್ದೇನೆ, ನನ್ನ ಕೆಲಸಕ್ಕೆ ಹೊತ್ತಾದರೂ. ನಿಂತಿತು. ಮಗ್ಗುಲಾದ ಅಂತ ಕಾಣುತ್ತೆ... ಇಲ್ಲ, ಎದ್ದಿದ್ದಾನೆ. ಅಕ್ಕಾ ಅಂತ ಕೂಗು. ಬಂದೆ ಕಣೋ —