ಉಡಿಯಲ್ಲಿ ಬಂದ ಹಸಿಗಡ್ಡೆ

ಭೋಜ
೧೨ ಏಪ್ರಿಲ್ ೧೯೯೧

ಅತ್ತೆ ಕೆಂಚವ್ವನವರಿಗೆ ರುಕ್ಮವ್ವನ ಶರಣು.

ನಿಮ್ಮ ಹೊಲದ ಅರಿಷಿಣವೆಲ್ಲ ಕೊಳೆತು ಹೋಯಿತಂತೆ. ಬಿತ್ತಲು ನನ್ನ ತಳಿಯ ಗಡ್ಡೆ ಬೇಕೆಂದು ನಿಮ್ಮ ಮಗ ಬಂದು ಕೇಳಿದರು.

ಆ ತಳಿ ನಿಮ್ಮದೇ. ನನ್ನನ್ನು ತವರಿಗೆ ಅಟ್ಟಿದ ದಿನ, ಜನ ಏನೆಂದಾರೋ ಎಂದು ಉಡಿ ತುಂಬಿದಿರಿ. ಬೇಯಿಸಿ ಒಣಗಿಸಿದ ಒಳ್ಳೆಯ ಕೊಂಬು ಕೊಡಲು ಮನಸ್ಸಾಗದೆ, ರಾಶಿಯಿಂದ ತೆಗೆದೆಸೆದಿದ್ದ ಸಣ್ಣ ಸೊಟ್ಟ ಹಸಿಗಡ್ಡೆ ಹಾಕಿ, "ಬಂಜಿಗೆ ಇಷ್ಟ ಸಾಕ" ಅಂದಿರಿ. ಮುರಿದರೆ ಒಳಗೆ ಕೆಂಡದ ಬಣ್ಣ. ನಿಮ್ಮ ದಪ್ಪ ಗಡ್ಡೆಗಳೆಲ್ಲ ಒಳಗೆ ಬಿಳಿಚಿಕೊಂಡಿದ್ದವು. ಹಿತ್ತಲಲ್ಲಿ ನೆಟ್ಟೆ. ಈಗ ಎರಡೆಕರೆ ತುಂಬಿದೆ, ಕೊಳೆರೋಗ ಹತ್ತಿರ ಸುಳಿದಿಲ್ಲ. ಔಷಧಕ್ಕೆಂದು ವೈದ್ಯರು ಇದನ್ನೇ ಕೇಳಿ ಒಯ್ಯುತ್ತಾರೆ.

ಅರಿಷಿಣವೂ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಅದನ್ನು ಬಂಜೆಯೆಂದು ನೀವು ಹೊರಗೆ ಹಾಕಿರಲಿಲ್ಲ.

"ಬಾಗಲಿಗೆ ಬಂದವರನ್ನ ಬರಿಗೈಲೆ ಕಳಸಬ್ಯಾಡ" ಅಂದಳು ಅವ್ವ. ನಿಮ್ಮ ಮಗನ ಕೈಯಲ್ಲಿ ಚೀಲ ತುಂಬಿ ಕೊಟ್ಟಿದ್ದೇನೆ. ಚೀಲವನ್ನು ಮರಳಿ ಕಳಿಸಿರಿ. ಗಡ್ಡೆಯನ್ನು ಅಡುಗೆಗೆ ಬಳಸಿರಿ, ಬಿತ್ತಿದರೆ ಮೊಳೆಯುವುದಿಲ್ಲ. ಹಸಿಯದನ್ನು ಕೊಡುವ ನಿಮ್ಮ ತಪ್ಪನ್ನು ನಾನು ಮಾಡಲಿಲ್ಲ. ಎಲ್ಲವನ್ನೂ ಚೆನ್ನಾಗಿ ಬೇಯಿಸಿದ್ದೇನೆ.

ನೀವು ಉಡಿ ತುಂಬಿ ಕಳಿಸಿದ
ರುಕ್ಮವ್ವ